ರಾಷ್ಟ್ರೀಯ ಗುಣಮಟ್ಟ ಪ್ರಶಸ್ತಿಗೆ ಅರ್ಜಿ: ಕರಾವಳಿಯ ಗೇರು ಕಾರ್ಖಾನೆಗೂ ಶಿರಸಿಯ ಸಹಕಾರಿ ಸಂಘಕ್ಕೂ ಸಮಗ್ರ ಮಾರ್ಗದರ್ಶಿ

ಗುಣಮಟ್ಟದ ಪ್ರಶಸ್ತಿಯ ಅರ್ಜಿ ನಮ್ಮ ಕಡೆ ಹೇಗೆ ತಯಾರಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕೊನೆಯ ದಿನಾಂಕಕ್ಕೆ ಒಂದು ತಿಂಗಳಿದ್ದಾಗ ನಮೂನೆ ಕೈಸೇರುತ್ತದೆ. ಕಂಪ್ಯೂಟರ್ ಬಲ್ಲ ಹುಡುಗನೊಬ್ಬನನ್ನು ಕೂರಿಸಿ, ವಾರ್ಷಿಕ ವರದಿಯ ಮೊದಲ ಪುಟದ ಹೊಗಳಿಕೆಯನ್ನೆಲ್ಲ ಅದಕ್ಕೆ ಇಳಿಸುತ್ತಾರೆ. ಆ ಅರ್ಜಿ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ. ಬರವಣಿಗೆ ಸಾಲದೆ ಬಿದ್ದದ್ದಲ್ಲ, ಮೂರು ವರ್ಷದ ಅಂಕಿಗಳು ಇಲ್ಲದೆ ಬಿದ್ದದ್ದು. ಹಾಗಾಗಿ ಈ ಕೆಲಸ ಶುರುವಾಗಬೇಕಾದದ್ದು ಅರ್ಜಿಯ ಕಾಗದದಿಂದಲ್ಲ, ಉಗ್ರಾಣದ ಬಾಗಿಲಲ್ಲಿರುವ ತೂಕದ ಪುಸ್ತಕದಿಂದ.

ಮುಂದಿನ ಹಂತಗಳಿಗೆ ಕುಮಟಾ–ಹೊನ್ನಾವರ ಕಡೆಯ 40 ಜನ ಕೆಲಸಗಾರರ ಒಂದು ಗೇರುಬೀಜ ಕಾರ್ಖಾನೆಯನ್ನು ಕಲ್ಪಿಸಿಕೊಂಡಿದ್ದೇವೆ. ಶಿರಸಿ, ಸಿದ್ದಾಪುರದ ಅಡಿಕೆ ಸಂಘಗಳಿಗೆ ಲೆಕ್ಕ ಬೇರೆಯಾಗುವಲ್ಲಿ ಅದನ್ನೂ ಹೇಳಿದ್ದೇವೆ.

ಯಾವ ಪ್ರಶಸ್ತಿ, ಯಾರಿಗೆ

ಈಗ ನಡೆಯುತ್ತಿರುವ ಬಹುತೇಕ ಪ್ರಶಸ್ತಿಗಳಿಗೆ ಮೂರು ಬೇರುಗಳಿವೆ. ಜಪಾನಿನ ಡೆಮಿಂಗ್ ಪ್ರಶಸ್ತಿ 1951ರದ್ದು. ಅಮೆರಿಕದ ಮಾಲ್ಕಮ್ ಬಾಲ್ಡ್ರಿಜ್ ಪ್ರಶಸ್ತಿಗೆ 1987ರಲ್ಲಿ ಕಾನೂನಾಯಿತು, ಮರುವರ್ಷ ಮೊದಲ ಪ್ರದಾನ. ಯುರೋಪಿನ ಗುಣಮಟ್ಟ ನಿರ್ವಹಣಾ ಪ್ರತಿಷ್ಠಾನದ (ಇಎಫ್‌ಕ್ಯೂಎಂ) ಮಾದರಿ ಮೂರನೆಯದು. ಭಾರತದಲ್ಲಿ ಭಾರತೀಯ ಮಾನಕ ಬ್ಯೂರೋ 1991ರಲ್ಲಿ ರಾಜೀವ್ ಗಾಂಧಿ ರಾಷ್ಟ್ರೀಯ ಗುಣಮಟ್ಟ ಪ್ರಶಸ್ತಿಯನ್ನು ಸ್ಥಾಪಿಸಿತು. ಭಾರತೀಯ ಕೈಗಾರಿಕಾ ಒಕ್ಕೂಟದ (ಸಿಐಐ) ಸಿಐಐ–ಎಕ್ಸಿಮ್ ಬ್ಯಾಂಕ್ ಪ್ರಶಸ್ತಿ 1994ರಲ್ಲಿ ಇಎಫ್‌ಕ್ಯೂಎಂ ದಾರಿಯಲ್ಲಿ ಬಂತು. ಮುಂಬೈನ ವಾಣಿಜ್ಯ ಮಂಡಳಿ ಐಎಂಸಿ ಕೊಡುವ ರಾಮಕೃಷ್ಣ ಬಜಾಜ್ ರಾಷ್ಟ್ರೀಯ ಗುಣಮಟ್ಟ ಪ್ರಶಸ್ತಿ ಬಾಲ್ಡ್ರಿಜ್ ಮಾದರಿಯದು. ಭಾರತೀಯ ಗುಣಮಟ್ಟ ಮಂಡಳಿಯ ಡಿ. ಎಲ್. ಷಾ ಪ್ರಶಸ್ತಿಯ ರೀತಿ ಬೇರೆ. ಅದು ಇಡೀ ಸಂಸ್ಥೆಯನ್ನು ತೂಗುವುದಿಲ್ಲ. ನೀವು ಮಾಡಿ ಮುಗಿಸಿದ ಒಂದು ಸುಧಾರಣೆಯ ಕಥನವನ್ನೂ ಅದರಿಂದಾದ ಲಾಭವನ್ನೂ ನೋಡುತ್ತದೆ. ಇವುಗಳಲ್ಲಿ ಯಾವುದಕ್ಕೆ ಈ ವರ್ಷ ಅರ್ಜಿ ಕರೆದಿದ್ದಾರೆ, ಶುಲ್ಕವೆಷ್ಟು, ಸಣ್ಣ ಘಟಕಗಳಿಗೆ ಪ್ರತ್ಯೇಕ ವಿಭಾಗ ಇದೆಯೇ ಎಂಬುದನ್ನು ಆಯಾ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ನೋಡಿಯೇ ಮುಂದುವರಿಯಿರಿ.

40 ಜನರ ಕಾರ್ಖಾನೆ ನೇರವಾಗಿ ಇಡೀ ಸಂಸ್ಥೆಯ ಪ್ರಶಸ್ತಿಗೆ ನೆಗೆಯುವುದನ್ನು ನಾವು ಒಪ್ಪುವುದಿಲ್ಲ. ಮೊದಲು ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ, ಆಮೇಲೆ ಕೇಂದ್ರ ಸರ್ಕಾರದ ಝೆಡ್ (ಮಾಲಿನಲ್ಲಿ ದೋಷವಿಲ್ಲದ, ಪರಿಸರಕ್ಕೆ ಹಾನಿಯಿಲ್ಲದ ತಯಾರಿಕೆ) ಪ್ರಮಾಣೀಕರಣ. ಝೆಡ್‌ನಲ್ಲಿ ಕಂಚಿಗೆ 5, ಬೆಳ್ಳಿಗೆ 14, ಚಿನ್ನಕ್ಕೆ 20 ಮಾನದಂಡಗಳು. ಕಂಚಿನ ಐದು ಇವು: ನಾಯಕತ್ವ, ಸ್ವಚ್ಛ ಕೆಲಸದ ಜಾಗ, ಸುರಕ್ಷತೆ, ಸಕಾಲಕ್ಕೆ ಮಾಲು ತಲುಪಿಸಿದ್ದರ ಅಳತೆ, ಗುಣಮಟ್ಟ ನಿರ್ವಹಣೆ. 2022ರ ಮಾರ್ಗಸೂಚಿಯಲ್ಲಿ ಶುಲ್ಕ ಕ್ರಮವಾಗಿ 10,000, 40,000 ಮತ್ತು 90,000 ರೂಪಾಯಿ. ಅದರಲ್ಲಿ ಅತಿ ಸಣ್ಣ ಘಟಕಕ್ಕೆ 80%, ಸಣ್ಣದಕ್ಕೆ 60%, ಮಧ್ಯಮಕ್ಕೆ 50% ಸಹಾಯಧನ. ಅಂದರೆ ಅತಿ ಸಣ್ಣ ಘಟಕಕ್ಕೆ ಬೆಳ್ಳಿ ಪ್ರಮಾಣಪತ್ರದ ಖರ್ಚು 8,000 ರೂಪಾಯಿ. ಬೆಳ್ಳಿಯ ಮಟ್ಟದಲ್ಲಿ ಯಂತ್ರಗಳ ನಿಗದಿತ ದುರಸ್ತಿ, ಅಳತೆ ಸಾಧನಗಳ ಪರೀಕ್ಷೆ, ವಿದ್ಯುತ್ ಬಳಕೆ, ಮಾಲಿನ ದಾಸ್ತಾನು ಇವಕ್ಕೆಲ್ಲ ದಾಖಲೆ ಇಡಲೇಬೇಕು. ಮುಂದೆ ಪ್ರಶಸ್ತಿಯ ಅರ್ಜಿ ಕೇಳುವುದೂ ಇದೇ ದಾಖಲೆಗಳನ್ನು. ಆದರೆ ಝೆಡ್ ಇರುವುದು ತಯಾರಿಕಾ ಘಟಕಗಳನ್ನು ಮನಸ್ಸಿನಲ್ಲಿಟ್ಟು. ಖರೀದಿ, ಮಾರಾಟವನ್ನಷ್ಟೇ ಮಾಡುವ ಸಂಘ ತನಗದು ಹೊಂದುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಲಿ.

ಒಂದು ಎಚ್ಚರಿಕೆ. ‘ನಿಮ್ಮ ಸಂಸ್ಥೆ ರಾಷ್ಟ್ರೀಯ ಶ್ರೇಷ್ಠತಾ ಪ್ರಶಸ್ತಿಗೆ ಆಯ್ಕೆಯಾಗಿದೆ’ ಎಂಬ ಮೇಲ್ ಬರುತ್ತದೆ. ನೀವು ಅರ್ಜಿಯನ್ನೇ ಹಾಕಿರುವುದಿಲ್ಲ. ದೆಹಲಿಯ ಹೋಟೆಲೊಂದರಲ್ಲಿ ಸಮಾರಂಭ, ‘ಭಾಗವಹಿಸುವ ಶುಲ್ಕ’ ಇಷ್ಟು ಎಂದು ಕೆಳಗೆ ಸಣ್ಣದಾಗಿ ಬರೆದಿರುತ್ತದೆ. ಅಸಲಿಯನ್ನು ಗುರುತಿಸಲು ಮೂರು ಪ್ರಶ್ನೆ ಸಾಕು. ಅಂಕ ನೀಡುವ ಮಾನದಂಡ ಪ್ರಕಟವಾಗಿದೆಯೇ? ಮೌಲ್ಯಮಾಪಕರು ಸ್ಥಳಕ್ಕೆ ಬರುತ್ತಾರೆಯೇ? ಸೋತವರಿಗೂ ಲಿಖಿತ ವರದಿ ಸಿಗುತ್ತದೆಯೇ? ಮೂರಕ್ಕೂ ‘ಇಲ್ಲ’ ಎಂದರೆ ಅದು ಪ್ರಶಸ್ತಿಯಲ್ಲ, ಫಲಕ ಮಾರುವ ಅಂಗಡಿ.

ಅಂಕ ಎಲ್ಲಿದೆ

ಬಾಲ್ಡ್ರಿಜ್ ಪದ್ಧತಿಯಲ್ಲಿ ಒಟ್ಟು 1000 ಅಂಕ, ಏಳು ವಿಭಾಗ. ಬಹುಕಾಲ ಬಳಕೆಯಲ್ಲಿದ್ದ ಹಂಚಿಕೆಯಲ್ಲಿ ನಾಯಕತ್ವಕ್ಕೆ 120, ಅಳತೆ ಮತ್ತು ವಿಶ್ಲೇಷಣೆಗೆ 90, ಕಾರ್ಯತಂತ್ರ, ಗ್ರಾಹಕರು, ಸಿಬ್ಬಂದಿ, ಕಾರ್ಯಾಚರಣೆಗೆ ತಲಾ 85, ಫಲಿತಾಂಶ ಒಂದಕ್ಕೇ 450. ಇಎಫ್‌ಕ್ಯೂಎಂನ 2020ರ ಮಾದರಿಯಲ್ಲೂ ಸಂಬಂಧಪಟ್ಟವರ ಅಭಿಪ್ರಾಯಕ್ಕೆ 200, ಕಾರ್ಯಸಾಧನೆಗೆ 200, ಒಟ್ಟು 400 ಅಂಕ ಫಲಿತಾಂಶಕ್ಕೇ ಮೀಸಲು. ಹೆಚ್ಚುಕಡಿಮೆ ಅರ್ಧ ಅಂಕ ನಿಮ್ಮ ಅಂಕಿಗಳ ಮೇಲೆ ನಿಂತಿದೆ. ಅರ್ಜಿ ಬರೆಯುವವರೋ ದುಡಿಮೆಯ ಹತ್ತರಲ್ಲಿ ಒಂಬತ್ತು ಪಾಲನ್ನು ಉಳಿದರ್ಧಕ್ಕೆ ಸುರಿಯುತ್ತಾರೆ.

ಹಂತ 1: ತಂಡ ಮತ್ತು ಕ್ಯಾಲೆಂಡರ್

ಅರ್ಜಿಯ ದಿನಕ್ಕೆ ಕನಿಷ್ಠ 18 ತಿಂಗಳಿರುವಾಗ ಶುರು ಮಾಡಿ, ಹಿಂದಿನ ಅಂಕಿಗಳು ಪುಸ್ತಕದಲ್ಲಿ ಇಲ್ಲದಿದ್ದರೆ ಮೂರು ವರ್ಷ ತುಂಬುವಷ್ಟು ಮುಂಚೆಯೇ. ಐದು ಜನ ಸಾಕು: ಮಾಲೀಕರು ಇಲ್ಲವೇ ಕಾರ್ಯದರ್ಶಿ, ಲೆಕ್ಕದವರು, ಉತ್ಪಾದನೆಯ ಮೇಸ್ತ್ರಿ, ಮಾರಾಟ ನೋಡುವವರು, ಸುಲಿಯುವ ವಿಭಾಗದ ಒಬ್ಬ ಹಿರಿಯ ಕೆಲಸಗಾರ್ತಿ. ಈ ಕೊನೆಯವರನ್ನು ಬಿಟ್ಟ ತಂಡ ಸ್ಥಳ ಪರಿಶೀಲನೆಯ ದಿನ ಸಿಕ್ಕಿಬೀಳುತ್ತದೆ. ಬರೆಯಲು ಸಲಹೆಗಾರರನ್ನು ಇಟ್ಟುಕೊಳ್ಳಬಹುದು. ಆದರೆ ಅವರೊಬ್ಬರೇ ಬರೆದದ್ದು ಮೂರನೇ ಪುಟಕ್ಕೆ ಗೊತ್ತಾಗಿಬಿಡುತ್ತದೆ: ಕಾರ್ಖಾನೆಯಲ್ಲಿ ಯಾರೂ ಆಡದ ಮಾತುಗಳು ಅಲ್ಲಿರುತ್ತವೆ.

ಕರಾವಳಿಯ ಹಂಗಾಮನ್ನು ನೋಡಿ ದಿನ ಗೊತ್ತುಮಾಡಿ. ಹಸಿಬೀಜ ಬರುವ ಮಾರ್ಚ್‌ನಿಂದ ಮೇವರೆಗೆ ಯಾರಿಗೂ ಪುರುಸೊತ್ತಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಬರವಣಿಗೆಗೆ ಒಳ್ಳೆಯದು, ಅಳತೆಗೆ ಕಷ್ಟದ ಕಾಲ. ಆ ಕಷ್ಟದ ಅಂಕಿಗಳೇ ಮುಂದೆ ಬೇಕಾಗುತ್ತವೆ.

ಕಾನೂನಿನ ಕಾಗದಗಳನ್ನು ಮೊದಲ ವಾರವೇ ಒಂದು ಕಡತದಲ್ಲಿ ಜೋಡಿಸಿ: ಆಹಾರ ಸುರಕ್ಷತಾ ಪರವಾನಗಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಬಾಯ್ಲರ್ ಪ್ರಮಾಣಪತ್ರ, ಭವಿಷ್ಯನಿಧಿ ಮತ್ತು ಇಎಸ್‌ಐ ಚಲನ್‌ಗಳು, ತಕ್ಕಡಿಗಳ ಮೇಲೆ ಕಾನೂನು ಮಾಪನ ಇಲಾಖೆಯ ಈ ವರ್ಷದ ಮುದ್ರೆ. ಇವುಗಳಲ್ಲಿ ಒಂದರ ಅವಧಿ ಮುಗಿದಿದ್ದರೂ ಉಳಿದ ದುಡಿಮೆ ನೀರಿನಲ್ಲಿ ಹೋಮ.

ಹಂತ 2: ಸಂಸ್ಥೆಯ ಪರಿಚಯ

ಬಾಲ್ಡ್ರಿಜ್ ಪದ್ಧತಿಯಲ್ಲಿ ಬಹುಕಾಲ ಪರಿಚಯಕ್ಕೆ 5 ಪುಟ, ಉತ್ತರಗಳಿಗೆ 50 ಪುಟದ ಮಿತಿಯಿತ್ತು. ಪರಿಚಯಕ್ಕೆ ಅಂಕವಿಲ್ಲ. ಆದರೂ ಮೌಲ್ಯಮಾಪಕರು ಮೊದಲು ಓದುವುದು ಅದನ್ನೇ, ಉಳಿದದ್ದನ್ನೆಲ್ಲ ಅದಕ್ಕೆ ತಾಳೆ ಹಾಕುತ್ತಾರೆ. ‘ನಮ್ಮ ಮುಖ್ಯ ಗ್ರಾಹಕರು ಮೂರು ಬಗೆಯವರು’ ಎಂದು ಇಲ್ಲಿ ಬರೆದರೆ, ಫಲಿತಾಂಶದ ಪುಟದಲ್ಲಿ ಮೂವರ ತೃಪ್ತಿಯ ಅಂಕಿಯನ್ನೂ ಹುಡುಕುತ್ತಾರೆ. ಒಂದು ಬಗೆ ಕಾಣದಿದ್ದರೆ ಅಲ್ಲೇ ಅಂಕ ಹೋಯಿತು. ಸಾಕ್ಷ್ಯ ತೋರಿಸಲಾಗದ್ದನ್ನು ಪರಿಚಯದಲ್ಲಿ ‘ಮುಖ್ಯ’ ಎಂದು ಬರೆಯಬೇಡಿ.

ಗೇರು ಕಾರ್ಖಾನೆಯ ಪರಿಚಯದಲ್ಲಿ ಇರಬೇಕಾದವು: ಬೀಜ ಎಲ್ಲಿಂದ (ಸ್ಥಳೀಯ ಎಷ್ಟು, ಆಮದು ಎಷ್ಟು), ಕೆಲಸಗಾರರಲ್ಲಿ ಹೆಂಗಸರೆಷ್ಟು, ಕೂಲಿ ದಿನದ ಲೆಕ್ಕದ್ದೋ ಕೆಜಿ ಲೆಕ್ಕದ್ದೋ, ಯಾವ ಯಾವ ದರ್ಜೆಯ ಮಾಲು ಎಲ್ಲಿಗೆ ಹೋಗುತ್ತದೆ, ಪೈಪೋಟಿ ಯಾರಿಂದ, ಈ ಮೂರು ವರ್ಷದಲ್ಲಿ ಎದುರಾದ ದೊಡ್ಡ ಸವಾಲು ಯಾವುದು. ಕೂಲಿಯ ಲೆಕ್ಕವನ್ನು ಮುಚ್ಚಿಡುವುದು ಸಾಮಾನ್ಯ ತಪ್ಪು. ಕೆಜಿ ಲೆಕ್ಕದ ಕೂಲಿಯಲ್ಲಿ ಕೈ ಚುರುಕಾದಷ್ಟೂ ತುಂಡು ಹೆಚ್ಚುತ್ತದೆ. ಈ ಜಗ್ಗಾಟವನ್ನು ನೀವೇ ಬರೆದು, ಇಡಿ ತಿರುಳಿಗೆ ಹೆಚ್ಚು ದರ ಕೊಟ್ಟೋ ಬೇರೆ ಏನಾದರೂ ಮಾಡಿಯೋ ಅದನ್ನು ಹೇಗೆ ಸಂಭಾಳಿಸುತ್ತಿದ್ದೀರಿ ಎಂದು ತೋರಿಸಿದರೆ ಅದೇ ನಿಮ್ಮ ಅರ್ಜಿಯ ಅತ್ಯಂತ ಬಲವಾದ ಪುಟವಾದೀತು.

ಅಡಿಕೆ ಸಂಘಕ್ಕೆ ಇಲ್ಲೊಂದು ತೊಡಕು. ಸಂಘದ ಸದಸ್ಯನೇ ಮಾಲೀಕ, ಮಾಲು ತರುವವನೂ ಅವನೇ, ಕಿರಾಣಿ ಮತ್ತು ಗೊಬ್ಬರ ಒಯ್ಯುವ ಗಿರಾಕಿಯೂ ಅವನೇ. ಟೆಂಡರ್‌ನಲ್ಲಿ ಅಡಿಕೆ ಹಿಡಿಯುವ ವ್ಯಾಪಾರಿ ಇನ್ನೊಬ್ಬ ಗಿರಾಕಿ. ಇಬ್ಬರ ಹಿತ ಎದುರುಬದುರು: ಒಬ್ಬನಿಗೆ ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆಯ ಬಗೆಗಳಿಗೆ ದರ ಏರಬೇಕು, ಇನ್ನೊಬ್ಬನಿಗೆ ಇಳಿಯಬೇಕು. ‘ಎಲ್ಲ ಗ್ರಾಹಕರೂ ತೃಪ್ತರು’ ಎಂಬ ಒಂದೇ ಸಾಲು ಇಲ್ಲಿ ನಗೆಪಾಟಲಾಗುತ್ತದೆ. ಸದಸ್ಯನಿಗೆ ಟೆಂಡರ್ ಆದ ದಿನದಿಂದ ಖಾತೆಗೆ ಹಣ ಜಮೆಯಾಗಲು ಎಷ್ಟು ದಿನ, ತೂಕದ ತಕರಾರು ಎಷ್ಟು. ವ್ಯಾಪಾರಿಗೆ ಒಂದೇ ಲಾಟ್‌ನೊಳಗೆ ದರ್ಜೆ ಕಲಬೆರಕೆಯಾದ ದೂರು ಎಷ್ಟು. ಹೀಗೆ ಎರಡು ಪಟ್ಟಿ ಬೇರೆಬೇರೆಯಾಗಿಯೇ ಇಡಿ.

ಹಂತ 3: ಅಳೆಯುವುದು

ಕೆಲಸದ ತಿರುಳು ಇದು. ಗೇರು ಕಾರ್ಖಾನೆಗೆ ಹತ್ತು ಹನ್ನೆರಡು ಅಳತೆ ಸಾಕು. 40 ಅಳತೆ ಇಟ್ಟವರು ಆರು ತಿಂಗಳಿಗೆ ಎಲ್ಲವನ್ನೂ ಕೈಬಿಡುತ್ತಾರೆ.

ಮೊದಲನೆಯದು ಇಳುವರಿ. ವ್ಯಾಪಾರದಲ್ಲಿ ಇದನ್ನು 80 ಕೆಜಿ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಎಂದು ಲೆಕ್ಕ ಹಾಕುತ್ತಾರೆ. 48 ಪೌಂಡ್ ಬಂದರೆ 21.8 ಕೆಜಿ, ಅಂದರೆ ಸುಮಾರು 27%. ಇದನ್ನು ಬೀಜದ ಮೂಲದ ಪ್ರಕಾರ ಬೇರೆಬೇರೆಯಾಗಿ ಬರೆಯದಿದ್ದರೆ ಅಂಕಿ ಸುಳ್ಳಾಡುತ್ತದೆ. ಈ ವರ್ಷ ಒಳ್ಳೆಯ ಬೀಜ ಸಿಕ್ಕಿದ್ದಕ್ಕೆ ಇಳುವರಿ ಏರಿರುತ್ತದೆ, ಶ್ರೇಯಸ್ಸು ಕಾರ್ಖಾನೆಯ ಸುಧಾರಣೆಗೆ ಹೋಗಿರುತ್ತದೆ. ಮೌಲ್ಯಮಾಪಕರು ಕೇಳುವ ಮೊದಲ ಪ್ರಶ್ನೆಯೇ ಅದು.

ಎರಡನೆಯದು ಒಟ್ಟು ತಿರುಳಿನಲ್ಲಿ ಇಡಿಯ ಪಾಲು. ಇದನ್ನು ಹಂತದಿಂದ ಹಂತಕ್ಕೆ ಅಳೆಯಿರಿ: ಒಡೆಯುವಲ್ಲಿ ಎಷ್ಟು ಮುರಿಯಿತು, ಬೋರ್ಮಾದಿಂದ (ತಿರುಳು ಒಣಗಿಸುವ ಒಲೆ) ಹೊರಬಂದ ಮೇಲೆ ಸಿಪ್ಪೆ ಸುಲಿಯುವಲ್ಲಿ ಎಷ್ಟು, ದರ್ಜೆ ವಿಂಗಡಿಸುವಲ್ಲಿ ಎಷ್ಟು. ಒಲೆಯಿಂದ ಬಂದ ತಿರುಳು ಒಣಗಿ ಗರಿಗರಿಯಾಗಿರುತ್ತದೆ. ಆಗಲೇ ಸುಲಿಯಲು ಕೊಟ್ಟರೆ ತುಂಡು ಹೆಚ್ಚು. ಮುರಿದದ್ದೆಲ್ಲ ಸುಲಿಯುವ ಹೆಂಗಸರ ತಪ್ಪೆಂದು ಬರೆದಿಡುವ ಕಾರ್ಖಾನೆಗೆ ಈ ಕಾರಣ ಕಾಣುವುದೇ ಇಲ್ಲ.

ಮೂರನೆಯದು ತೇವಾಂಶ. ಡಬ್ಬಿ ಮುಚ್ಚುವಾಗ 5% ಮೀರಕೂಡದು. ಕರಾವಳಿಯ ಜುಲೈನಲ್ಲಿ ವಿಂಗಡಣೆಯ ಮೇಜಿನ ಮೇಲೆ ಎರಡು ತಾಸು ಬಿಟ್ಟ ತಿರುಳು ಗಾಳಿಯ ತೇವ ಹೀರಿಕೊಂಡು ಮೆತ್ತಗಾಗುತ್ತದೆ. ಆದ್ದರಿಂದ ವರ್ಷದ ಸರಾಸರಿ ಕೊಡಬೇಡಿ, ತಿಂಗಳವಾರು ಕೊಡಿ. ತೇವಮಾಪಕವನ್ನು ಕೊನೆಯ ಸಲ ಯಾವಾಗ, ಯಾರು ಸರಿನೋಡಿದರು ಎಂಬ ಚೀಟಿ ಅದರ ಮೈಮೇಲೇ ಅಂಟಿರಲಿ.

ಉಳಿದವನ್ನು ಚುಟುಕಾಗಿ ಹೇಳುವುದಾದರೆ: ದರ್ಜೆಯ ನಿಖರತೆ (ಡಬ್ಲ್ಯೂ 320 ಎಂದರೆ ಪೌಂಡಿಗೆ 300ರಿಂದ 320 ತಿರುಳು, ಡಬ್ಬಿಯಿಂದ ಮಾದರಿ ತೆಗೆದು ಎಣಿಸಿದ ದಾಖಲೆ), ಹೇಳಿದ ದಿನಕ್ಕೆ ಹೊರಟ ರವಾನೆಗಳ ಪಾಲು, ವಾಪಸು ಬಂದ ಡಬ್ಬಿ, ಕ್ವಿಂಟಾಲಿಗೆ ವಿದ್ಯುತ್ ಮತ್ತು ಉರುವಲು, ಹಾಜರಿ, ಗೇರೆಣ್ಣೆಯಿಂದ ಕೈ ಸುಟ್ಟ ಪ್ರಕರಣ, ಕೆಲಸ ಬಿಟ್ಟುಹೋದವರು, ನಿವ್ವಳ ಲಾಭ.

ಕೆಲಸಗಾರರ ತೃಪ್ತಿಯ ಸಮೀಕ್ಷೆಯಲ್ಲಿ ಮುದ್ರಿತ ಹಾಳೆ ಹಂಚಿ ಮೇಸ್ತ್ರಿಯ ಕೈಯಲ್ಲೇ ಸಂಗ್ರಹಿಸಿದರೆ ಎಲ್ಲ ಉತ್ತರವೂ ‘ತುಂಬಾ ಚೆನ್ನಾಗಿದೆ’ ಎಂದೇ ಬರುತ್ತದೆ. ಹೊರಗಿನ ಒಬ್ಬ ಹೆಣ್ಣುಮಗಳು ಒಬ್ಬೊಬ್ಬರನ್ನೇ ಕೂರಿಸಿ, ಅವರ ಮಾತಿನಲ್ಲೇ, ಕೊಂಕಣಿಯವರಿಗೆ ಕೊಂಕಣಿಯಲ್ಲೇ, ಹತ್ತು ಪ್ರಶ್ನೆ ಕೇಳಿ ಗುರುತು ಹಾಕಿಕೊಳ್ಳಲಿ. ಅಂಕಿ ಮೊದಲ ವರ್ಷ ಕೆಳಗಿರುತ್ತದೆ. ಇರಲಿ, ಏರಲು ಜಾಗ ಬೇಕಲ್ಲ.

ಹಂತ 4: ಅಂಕಿಯನ್ನು ತೋರಿಸುವುದು

ಫಲಿತಾಂಶದಲ್ಲಿ ನೋಡುವುದು ನಾಲ್ಕು: ಈಗಿನ ಮಟ್ಟ, ಅದರ ಹಾದಿ, ಬೇರೆಯವರೊಡನೆ ಹೋಲಿಕೆ, ನಿಮ್ಮ ಮುಖ್ಯ ಗುರಿಗಳ ಜೊತೆ ನಂಟು. ಹೋಲಿಕೆ ಯಾಕೆ ಬೇಕು ಎಂಬುದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಉದಾಹರಣೆ ಇದೆ. ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2018ರ ಡಿಸೆಂಬರ್ 31ರಂದು ನಿಂತಾಗ ಅದು 962 ದಿನ ಎಡೆಬಿಡದೆ ಓಡಿತ್ತು. ಬರೀ 962 ಎಂದರೆ ಹೊರಗಿನವರಿಗೆ ಏನೂ ತಿಳಿಯದು. ಅದರ ಹಿಂದಿನ ವಿಶ್ವದಾಖಲೆ ಬ್ರಿಟನ್ನಿನ ಹೇಶಮ್‌ನ 940 ದಿನ ಎಂದಾಕ್ಷಣ ಅಂಕಿಗೆ ಜೀವ ಬರುತ್ತದೆ. ಮುಂದೆ ಕೆನಡಾದ ಡಾರ್ಲಿಂಗ್ಟನ್ ಘಟಕ 1,106 ದಿನ ಓಡಿ ಅದನ್ನೂ ದಾಟಿತು. ಹೋಲಿಕೆಗೆ ದಿನಾಂಕ ಹಾಕದೆ ‘ನಾವೇ ಮೊದಲು’ ಎಂದು ಬರೆದ ಅರ್ಜಿಗಳು ಇಂಥ ಕಡೆ ಎಡವುತ್ತವೆ.

ಗೇರು ಕಾರ್ಖಾನೆಗೆ ಹೋಲಿಕೆ ಸಿಗುವುದು ಕಷ್ಟ ನಿಜ, ಪಕ್ಕದವರು ತಮ್ಮ ಲೆಕ್ಕ ಕೊಡುವುದಿಲ್ಲ. ಖರೀದಿದಾರರನ್ನೇ ಕೇಳಿ: ‘ನೀವು ಕೊಳ್ಳುವ ಇತರ ಘಟಕಗಳ ಮಾಲಿನಲ್ಲಿ ತುಂಡು ಎಷ್ಟು ಬರುತ್ತದೆ?’ ಹೆಸರು ಬೇಡ, ಅಂಕಿ ಸಾಕು. ಅದೂ ಇಲ್ಲವಾದರೆ ಯಂತ್ರ ತಯಾರಕರು ಹೇಳಿದ ಸಾಮರ್ಥ್ಯದೊಡನೆ ಹೋಲಿಸಿ, ಹಾಗೆಂದು ಸ್ಪಷ್ಟವಾಗಿ ಬರೆಯಿರಿ.

ನಕ್ಷೆ ಹೇಗಿರಬೇಕು? ಮೂರು ವರ್ಷ ಅಂದರೆ ಕನಿಷ್ಠ ಮೂರು ಬಿಂದು, ಐದಾದರೆ ಉತ್ತಮ. ಅಡ್ಡಗೆರೆಯಲ್ಲಿ ವರ್ಷ, ಲಂಬಗೆರೆ ಸೊನ್ನೆಯಿಂದ ಶುರು, ಮೂಲೆಯಲ್ಲಿ ಮೇಲ್ಮುಖ ಅಥವಾ ಕೆಳಮುಖ ಬಾಣ ಒಂದು (ಏರಿದರೆ ಒಳ್ಳೆಯದೋ ಇಳಿದರೋ ಎಂದು ತಿಳಿಯಲು). ಹೋಲಿಕೆಯ ಗೆರೆ ಬೇರೆ ಬಣ್ಣದಲ್ಲಿ. ಇಡಿಯ ಪಾಲು 70, 74, 71, 78 ಎಂದು ಬಂದಿದೆ ಅಂದುಕೊಳ್ಳಿ. ಆ 71ನ್ನು ಮುಚ್ಚಿಡಲು 70, 74, 78 ಎಂದಷ್ಟೇ ತೋರಿಸಿದರೆ ಸ್ಥಳ ಪರಿಶೀಲನೆಯಲ್ಲಿ ಪುಸ್ತಕ ತೆರೆದಾಗ ಇಡೀ ಅರ್ಜಿಯ ಮೇಲಿನ ನಂಬಿಕೆ ಹೋಗುತ್ತದೆ. ಬಿದ್ದದ್ದನ್ನು ತೋರಿಸಿ, ಯಾಕೆ ಬಿತ್ತು, ಏನು ಬದಲಿಸಿದಿರಿ ಎಂದು ನಕ್ಷೆಯ ಕೆಳಗೆ ಎರಡು ಸಾಲು ಬರೆಯಿರಿ. ಬಿದ್ದು ಎದ್ದ ಅಂಕಿಗೆ ಸಿಗುವ ಮನ್ನಣೆ ನೇರ ಗೆರೆಗೆ ಸಿಗುವುದಿಲ್ಲ.

ಹಂತ 5: ‘ಹೇಗೆ’ ಎಂಬ ಪ್ರಶ್ನೆಗೆ ಉತ್ತರ

ಬಾಲ್ಡ್ರಿಜ್ ಕಾರ್ಯವಿಧಾನದ ಪ್ರಶ್ನೆಗಳು ಬಹುಪಾಲು ‘ಹೇಗೆ’ ಎಂದೇ ಕೇಳುತ್ತವೆ. ಉತ್ತರವನ್ನು ನಾಲ್ಕು ಕಡೆಯಿಂದ ತೂಗುತ್ತಾರೆ: ಪದ್ಧತಿ ಏನು, ಅದು ಎಲ್ಲೆಲ್ಲಿ ಜಾರಿಯಲ್ಲಿದೆ, ಅದರಿಂದ ಕಲಿತು ಏನು ತಿದ್ದಿದಿರಿ, ಬೇರೆ ಕೆಲಸಗಳ ಜೊತೆ ಅದಕ್ಕೇನು ಕೊಂಡಿ. ಗ್ರಾಹಕರ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತೀರಿ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ ಹೀಗೆ:

‘ಗ್ರಾಹಕರೇ ನಮ್ಮ ದೇವರು. ಅವರ ಅಭಿಪ್ರಾಯಗಳನ್ನು ನಿಯಮಿತವಾಗಿ ಸಂಗ್ರಹಿಸಿ ಸೂಕ್ತ ಕ್ರಮ ಕೈಗೊಳ್ಳುತ್ತೇವೆ.’

ಇದಕ್ಕೆ ಅಂಕ ಸೊನ್ನೆಯ ಆಸುಪಾಸು. ಇದನ್ನೇ ಹೀಗೆ ಬರೆಯಬಹುದು:

‘ರವಾನೆ ತಲುಪಿದ 7 ದಿನದೊಳಗೆ ಮಾರಾಟ ಗುಮಾಸ್ತರು ಖರೀದಿದಾರರಿಗೆ ಫೋನ್ ಮಾಡಿ ತೂಕ, ತುಂಡು, ತೇವ, ಹುಳು ಎಂಬ ನಾಲ್ಕು ವಿಷಯ ಕೇಳಿ ಪುಸ್ತಕದಲ್ಲಿ ಬರೆಯುತ್ತಾರೆ. ಸಗಟು ಖರೀದಿದಾರರಿಗೆಲ್ಲ ಇದು ಜಾರಿಯಲ್ಲಿದೆ, ಸ್ಥಳೀಯ ಬೇಕರಿಗಳಿಗೆ ಇನ್ನೂ ಇಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಮೇಸ್ತ್ರಿ ಮತ್ತು ವಿಂಗಡಣೆಯವರು ಈ ಪುಸ್ತಕ ನೋಡುತ್ತಾರೆ. ಮಳೆಗಾಲದಲ್ಲಿ ತೇವದ ದೂರು ಹೆಚ್ಚಿದ್ದರಿಂದ ವಿಂಗಡಿಸಿದ ತಿರುಳನ್ನು ಮೇಜಿನ ಮೇಲೆ ಬಿಡುವ ಅವಧಿಗೆ 30 ನಿಮಿಷದ ಮಿತಿ ಹಾಕಿದ್ದೇವೆ. ಫಲಿತಾಂಶಕ್ಕೆ ನಕ್ಷೆ 7.3 ನೋಡಿ.’

ನಾಲ್ಕೂ ಅಂಶ ಇದರೊಳಗಿದೆ. ‘ಬೇಕರಿಗಳಿಗೆ ಇನ್ನೂ ಇಲ್ಲ’ ಎಂಬ ಒಪ್ಪಿಗೆಯಿಂದ ಅಂಕ ಹೋಗುವುದಕ್ಕಿಂತ ನಂಬಿಕೆ ಬರುವುದೇ ಹೆಚ್ಚು. ‘ನಿಯಮಿತವಾಗಿ’, ‘ಸೂಕ್ತ’, ‘ಕಾಲಕಾಲಕ್ಕೆ’, ‘ಎಲ್ಲ ಹಂತಗಳಲ್ಲಿ’ ಎಂಬ ಪದಗಳನ್ನು ಕರಡಿನಲ್ಲಿ ಹುಡುಕಿ ಹೊಡೆದುಹಾಕಿ, ಆ ಜಾಗಕ್ಕೆ ವಾರ, ಹೆಸರಿನ ಬದಲು ಹುದ್ದೆ, ಪುಸ್ತಕದ ಹೆಸರು ತುಂಬಿ. ತುಂಬಲು ಏನೂ ಸಿಗದಿದ್ದರೆ ಆ ಕೆಲಸ ನಿಮ್ಮಲ್ಲಿ ನಡೆಯುತ್ತಲೇ ಇಲ್ಲ ಎಂದರ್ಥ.

ಅಪಾಯ ನಿರ್ವಹಣೆಯ ಪ್ರಶ್ನೆಗೆ ‘ಅಗ್ನಿಶಾಮಕ ಸಿಲಿಂಡರ್ ಇದೆ’ ಎಂದು ಮುಗಿಸುವವರೇ ಹೆಚ್ಚು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ, ಹೆದ್ದಾರಿ 66 ಬಂದಾದದ್ದು ಎಲ್ಲರ ನೆನಪಿನಲ್ಲಿದೆ. ಹೆದ್ದಾರಿ ಮುಚ್ಚಿದರೆ ಮಾಲು ಯಾವ ಘಟ್ಟದ ದಾರಿಯಲ್ಲಿ ಹೋಗುತ್ತದೆ, ಆ ದಾರಿಯಲ್ಲಿ ಭಾರಿ ವಾಹನ ಬಿಡುತ್ತಾರೆಯೇ, ಎಷ್ಟು ದಿನದ ಡಬ್ಬಿ ಮತ್ತು ಉರುವಲಿನ ದಾಸ್ತಾನಿದೆ, ವಿದ್ಯುತ್ ಹೋದರೆ ಒಣಗಿಸುವ ಕೆಲಸ ಏನಾಗುತ್ತದೆ? ಕರಾವಳಿಯ ಘಟಕ ಉತ್ತರಿಸಬೇಕಾದದ್ದು ಇವಕ್ಕೆ.

ಹಂತ 6: ನೀವೇ ಅಂಕ ಹಾಕಿಕೊಳ್ಳುವುದು

ಕರಡು ಆದ ಮೇಲೆ, ಬರೆಯದ ಇಬ್ಬರಿಗೆ ಕೊಡಿ. ಬಾಲ್ಡ್ರಿಜ್ ಕೋಷ್ಟಕದಲ್ಲಿ ಅಂಕದ ಪಟ್ಟಿಗಳು 0–5, 10–25, 30–45, 50–65, 70–85, 90–100 ಶೇಕಡಾ ಎಂದಿವೆ. ಪದ್ಧತಿ ಇದೆ, ಜಾರಿ ಈಗಷ್ಟೇ ಶುರು ಎಂದಾದರೆ 10–25. ಬಹುತೇಕ ಕಡೆ ಜಾರಿಯಾಗಿ, ಅಂಕಿ ನೋಡಿ ತಿದ್ದುವ ರೂಢಿ ಬೆಳೆದಿದ್ದರೆ 50–65. ಮೊದಲ ಸಲ ತಮಗೆ ತಾವೇ 80 ಹಾಕಿಕೊಂಡ ಸಂಸ್ಥೆಗೆ ಹೊರಗಿನವರು 30 ಹಾಕುವುದು ಅಪರೂಪವಲ್ಲ. ಇಬ್ಬರ ಅಂಕದಲ್ಲಿ 20ಕ್ಕಿಂತ ಹೆಚ್ಚು ಅಂತರವಿರುವ ಪ್ರಶ್ನೆಗಳನ್ನಷ್ಟೇ ಎತ್ತಿಕೊಂಡು ಚರ್ಚಿಸಿ. ಸಾಕ್ಷ್ಯ ಎಲ್ಲಿ ಸಡಿಲ ಎಂಬುದು ಅಲ್ಲೇ ಹೊರಬೀಳುತ್ತದೆ.

ಹಂತ 7: ಸ್ಥಳ ಪರಿಶೀಲನೆ

ಮೌಲ್ಯಮಾಪಕರು ಗೋವಾ ಅಥವಾ ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಬರುತ್ತಾರೆ. ದಾರಿಯ ಸಮಯ ಲೆಕ್ಕ ಹಾಕಿ, ಮೊದಲ ದಿನದ ಮಧ್ಯಾಹ್ನವನ್ನು ಖಾಲಿ ಬಿಡಿ. ಅವರ ಪ್ರಯಾಣ ಮತ್ತು ವಸತಿಯ ಖರ್ಚು ಯಾರದು ಎಂಬುದು ನಿಯಮಾವಳಿಯಲ್ಲಿರುತ್ತದೆ, ಬಜೆಟ್‌ನಲ್ಲಿ ಸೇರಿಸಿಕೊಳ್ಳಿ. ಹೊಸ ಬಣ್ಣ, ಹೂಕುಂಡ, ಫ್ಲೆಕ್ಸ್ ಬೇಡ. ನಿನ್ನೆ ಬಳಿದ ಬಣ್ಣದ ವಾಸನೆ ತಾನಾಗಿ ಸಾಕ್ಷಿ ಹೇಳುತ್ತದೆ. ಉಡುಗೊರೆಯಾಗಿ ಗೋಡಂಬಿ ಡಬ್ಬಿ ಕೊಡುವ ಆಸೆ ಸಹಜ, ಕೊಡಬೇಡಿ. ಅವರು ವಾಪಸು ಮಾಡುವಾಗ ಇಬ್ಬರಿಗೂ ಮುಜುಗರ.

ಅವರು ಕಚೇರಿಯಲ್ಲಿ ಕೂರುವುದಕ್ಕಿಂತ ಒಳಗೆ ಓಡಾಡುವುದೇ ಹೆಚ್ಚು. ಸುಲಿಯುತ್ತಿರುವವರ ಪಕ್ಕ ನಿಂತು ‘ಅಕ್ಕ, ತುಂಡು ಹೆಚ್ಚಾದರೆ ಯಾರಿಗೆ ಹೇಳ್ತೀರಿ?’ ಎಂದು ಕೇಳುತ್ತಾರೆ. ಬಾಯಿಪಾಠ ಮಾಡಿಸಿದ್ದರೆ ಎರಡನೇ ಪ್ರಶ್ನೆಗೆ ಅದು ಮುರಿದುಬೀಳುತ್ತದೆ. ಅದರ ಬದಲು, ಅರ್ಜಿಯಲ್ಲಿ ಅವರ ವಿಭಾಗದ ಬಗ್ಗೆ ಬರೆದ ಪುಟವನ್ನು ಒಂದು ತಿಂಗಳ ಮುಂಚೆ ಅವರ ಮುಂದೆ ಗಟ್ಟಿಯಾಗಿ ಓದಿ. ‘ಹೀಗೆ ನಡೆಯೋದೇ ಇಲ್ಲವಲ್ಲ’ ಎಂದು ಯಾರಾದರೂ ಅಂದರೆ ಮಾಪಕರು ಬರುವ ಮುನ್ನವೇ ಒಂದು ತಪ್ಪು ಸಿಕ್ಕಿತು.

ದುಭಾಷಿ ಬೇಕಾದರೆ ಮಾಲೀಕರ ಕಡೆಯವರನ್ನು ಕೂರಿಸಬೇಡಿ, ಕನ್ನಡ ಬಲ್ಲ ಮೌಲ್ಯಮಾಪಕರನ್ನು ಮೊದಲೇ ಕೇಳಿಕೊಳ್ಳಿ.

ಹಂತ 8: ವರದಿ ಬಂದ ಮೇಲೆ

ಗೆದ್ದರೂ ಸೋತರೂ ಬಲಗಳು, ಸುಧಾರಿಸಬೇಕಾದವು ಎಂಬ ಎರಡು ಪಟ್ಟಿಯ ವರದಿ ಬರುತ್ತದೆ. ಶುಲ್ಕ ಕೊಟ್ಟು ಕೊಂಡ ನಿಜವಾದ ಸರಕು ಇದೇ. ಇದರಲ್ಲಿ ಮೂರನ್ನು ಮಾತ್ರ ಆರಿಸಿ, ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರ, ಒಂದು ದಿನಾಂಕ ಬರೆದು ಸೂಚನಾ ಫಲಕಕ್ಕೆ ಅಂಟಿಸಿ. ಮೂವತ್ತನ್ನೂ ಒಮ್ಮೆಲೇ ಕೈಗೆತ್ತಿಕೊಂಡರೆ ಮುಂದಿನ ಮಳೆಗಾಲಕ್ಕೆ ಒಂದೂ ಮುಗಿದಿರುವುದಿಲ್ಲ. ಮುಗಿದ ಒಂದೊಂದನ್ನೂ ಪ್ರತ್ಯೇಕ ಕಥನವಾಗಿ ಬರೆದಿಟ್ಟುಕೊಂಡರೆ ಡಿ. ಎಲ್. ಷಾ ಪ್ರಶಸ್ತಿಗೋ ಗುಣಮಟ್ಟ ವೃತ್ತಗಳ (ಕೆಲಸಗಾರರೇ ಸೇರಿ ಸುಧಾರಣೆ ಮಾಡುವ ಸಣ್ಣ ಗುಂಪುಗಳು) ಸಮ್ಮೇಳನಕ್ಕೋ ಅದೇ ಅರ್ಜಿಯಾಗುತ್ತದೆ.

ಪ್ರಶಸ್ತಿ ಬಂದರೆ ಲಾಂಛನವನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸುವ ಮುನ್ನ ಬಳಕೆಯ ನಿಯಮ ಓದಿ. ಪ್ರಶಸ್ತಿ ಸಿಕ್ಕಿದ್ದು ಸಂಸ್ಥೆಯ ನಿರ್ವಹಣೆಗೆ, ಒಳಗಿರುವ ಗೋಡಂಬಿಗಲ್ಲ. ಸರಕಿಗೇ ಮಾನ್ಯತೆ ಸಿಕ್ಕಂತೆ ಬರೆದರೆ ಗಿರಾಕಿಯ ದಾರಿ ತಪ್ಪಿಸಿದಂತಾಗುತ್ತದೆ. ಪ್ರಶಸ್ತಿಯ ಪಕ್ಕ ಅದು ಬಂದ ವರ್ಷವನ್ನೂ ತಪ್ಪದೆ ಹಾಕಿ.